9ನೇ ಕ್ಲಾಸಿನ ಇಂಗ್ಲಿಷ್ ಪೀರಿಯಡ್‌ಗೆ ಯಾವ ಸಿನಿಮಾ? ಆರಿಸೋದು ಹೇಗೆ?

ಚಾಕ್‌ಪೀಸ್
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹೈಸ್ಕೂಲು, ಕನ್ನಡ ಮಾಧ್ಯಮ, 9ನೇ ತರಗತಿ, ಇಂಗ್ಲಿಷ್ ದ್ವಿತೀಯ ಭಾಷೆ, 46 ಮಕ್ಕಳು. ವಾರಕ್ಕೊಂದು ಪೀರಿಯಡ್, ಅಂದರೆ 40 ನಿಮಿಷ, ಸಿನಿಮಾ ಇಟ್ಟುಕೊಂಡು ಇಂಗ್ಲಿಷ್ ಮಾಡಬಹುದು ಅಂತ ಹೆಡ್‌ಮಾಸ್ಟರ್ ಒಪ್ಪಿದ್ದಾರೆ. ಪ್ರೊಜೆಕ್ಟರ್ ಇದೆ, ಲ್ಯಾಪ್‌ಟಾಪ್ ಇದೆ, ನೆಟ್ ಇದ್ದಾಗ ಇದೆ.

ಹುಡುಕಿದರೆ ಸಿಗೋ ಪಟ್ಟಿಗಳು ಈ ಮಕ್ಕಳಿಗೆ ಹೊಂದಲ್ಲ. ಒಂದೋ ಪುಟಾಣಿಗಳ ಕಾರ್ಟೂನು, ಇಲ್ಲವೇ ಎರಡು ಸಲ ಕೇಳಿದರೂ ಟೀಚರಿಗೇ ತಿಳಿಯದ ವೇಗ. 14–15ರ ಹುಡುಗ ಹುಡುಗಿಯರು ಕೂತು ನೋಡಬೇಕು, ನಾಲ್ಕು ಇಂಗ್ಲಿಷ್ ಮಾತು ಬಾಯಿಗೆ ಬರಬೇಕು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಿನಲ್ಲಿ ರಂಪ ಆಗಬಾರದು. ಪೂರ್ತಿ ಸಿನಿಮಾನಾ, ತುಣುಕಾ? ಸಬ್‌ಟೈಟಲ್ ಬೇಕಾ, ಬೇಡವಾ?

ರೀಲು_ಬಿಡೋನು
ಫೈಟ್ ಇರೋದು ಹಾಕಿ ಸಾರ್. ಫುಲ್ ಅಟೆಂಡೆನ್ಸ್ ಗ್ಯಾರಂಟಿ.

ತುಂಗಾತೀರ
@ರೀಲು_ಬಿಡೋನು ಅಟೆಂಡೆನ್ಸ್ ಬರುತ್ತೆ, ಇಂಗ್ಲಿಷ್ ಬರಲ್ಲ. ಸೂಪರ್‌ಹೀರೋ ಸಿನಿಮಾದ ಐದು ನಿಮಿಷದ ಹೊಡೆದಾಟದಲ್ಲಿ "ರನ್", "ಲುಕ್ ಔಟ್", "ನೋ" ಬಿಟ್ಟರೆ ಮಾತೇ ಇರಲ್ಲ. ಆಮೇಲೆ ಯಾರೋ ಒಬ್ಬ ವಿಜ್ಞಾನಿ ಬಂದು ಎರಡು ನಿಮಿಷ ಉಸಿರು ಬಿಡದೆ ವಿವರಿಸ್ತಾನೆ, ಅದರಲ್ಲಿ ಅರ್ಧ ಪದ ಆ ಸಿನಿಮಾದವರೇ ಹುಟ್ಟಿಸಿದ್ದು. ಎರಡೂ ಪಾಠಕ್ಕೆ ಬರಲ್ಲ.

@ಚಾಕ್‌ಪೀಸ್ ಸಿನಿಮಾ ಆರಿಸೋಕೆ ಹೋಗಬೇಡಿ, ದೃಶ್ಯ ಆರಿಸಿ. ಒಳ್ಳೆಯ ಸಿನಿಮಾದಲ್ಲೂ ಪಾಠಕ್ಕೆ ಆಗೋ ದೃಶ್ಯ ನಾಲ್ಕೋ ಐದೋ ಇರುತ್ತೆ. ಸುಮಾರಾದ ಸಿನಿಮಾದಲ್ಲೂ ಒಂದು ಅದ್ಭುತ ದೃಶ್ಯ ಸಿಗಬಹುದು. ಎರಡರಿಂದ ಮೂರು ನಿಮಿಷ ಇರಲಿ. ಒಂದೇ ಜಾಗ, ಇಬ್ಬರೇ ಮಾತಾಡೋರು, ಹೆಚ್ಚೆಂದರೆ ಮೂವರು. ಮಾತಾಡೋರ ಮುಖ ಕ್ಯಾಮೆರಾ ಕಡೆಗಿರಬೇಕು, ಯಾಕಂದ್ರೆ ತುಟಿ ಕಾಣದಿದ್ದರೆ ಈ ಹಂತದ ಮಕ್ಕಳಿಗೆ ಅರ್ಧ ಸುಳಿವು ಹೋಯ್ತು. ಫೋನ್ ಸಂಭಾಷಣೆ, ಕಾರಿನ ಹಿಂಬದಿಯಿಂದ ತೆಗೆದ ಶಾಟು, ಕತ್ತಲೆ ದೃಶ್ಯ, ಹಿನ್ನೆಲೆಯಲ್ಲಿ ಜೋರು ಮ್ಯೂಸಿಕ್ಕು ಎಲ್ಲ ಬಿಡಿ.

ಎಲ್ಲಕ್ಕಿಂತ ಮುಖ್ಯ: ಒಬ್ಬರಿಗೆ ಏನೋ ಬೇಕು, ಎದುರಿನವರು ಕೊಡ್ತಿಲ್ಲ. ಇಷ್ಟಿದ್ದರೆ ಭಾಷೆ ಅರ್ಧ ತಿಳಿದರೂ ಮಕ್ಕಳು ಕಣ್ಣು ಕೀಳಲ್ಲ. 'ಹೋಮ್ ಅಲೋನ್' (1990) ಚಿತ್ರದ ಸೂಪರ್‌ಮಾರ್ಕೆಟ್ ಕೌಂಟರ್ ನೋಡಿ. ಎಂಟು ವರ್ಷದ ಹುಡುಗ ಒಬ್ಬನೇ ಸಾಮಾನು ತಂದಿದ್ದಾನೆ, ಕೌಂಟರಿನ ಹುಡುಗಿಗೆ ಅನುಮಾನ. ಅಮ್ಮ ಎಲ್ಲಿ, ಅಪ್ಪ ಎಲ್ಲಿ, ಮನೆ ಎಲ್ಲಿ ಅಂತ ಚಿಕ್ಕ ಚಿಕ್ಕ ಪ್ರಶ್ನೆ, ಅವನದು ಚಿಕ್ಕ ಚಿಕ್ಕ ಸುಳ್ಳು. ಪ್ರಶ್ನೆ ಕೇಳೋದನ್ನು ಕಲಿಸೋಕೆ ಅದಕ್ಕಿಂತ ಚೆನ್ನಾಗಿರೋದು ಸಿಗೋದು ಕಷ್ಟ.

ಜವಾರಿ_ಮಾತು
ತುಂಗಾತೀರ ಸರ, ನೀವು ಹೇಳೂದು ಬರೋಬ್ಬರಿ ಐತಿ, ಆದ್ರ ಒಂದು ತಕರಾರು. ಎರಡ ನಿಮಿಷ ತೋರಿಸಿ ಬಂದ್ ಮಾಡಿದ್ರ ಹುಡುಗುರು ಬಿಡಂಗಿಲ್ರಿ. "ಮುಂದ ಏನಾತು" ಅನ್ನೂದೇ ಸಿನಿಮಾದ ಶಕ್ತಿ. ವಾರ ವಾರ ಬ್ಯಾರೆ ಬ್ಯಾರೆ ಸಿನಿಮಾದ ತುಣುಕು ಹಾಕಿದ್ರ ಪ್ರತಿ ಸಲ ಪಾತ್ರ ಯಾರು, ಊರು ಯಾವ್ದು ಅಂತ ಹೇಳೂದ್ರಾಗ ಹತ್ತು ನಿಮಿಷ ಹೊಕ್ಕೈತಿ. ಒಂದೇ ಸಿನಿಮಾ ಹಿಡದು ಆರು ವಾರ ನಡಸ್ರಿ. ಮೊದಲ ವಾರ ಹೆಸರು ಮುಖ ಗೊತ್ತಾತು ಅಂದ್ರ ಮುಂದಿಂದು ಹಗುರ. ಅದೇ ಪಾತ್ರ ಅದೇ ಪದಾ ಹೊಳ್ಳಿ ಹೊಳ್ಳಿ ಆಡ್ತೈತಿ, ಕಲಿಯೂದು ಹಂಗರೀ.

ಹೆಸರು ಬೇಕಂದ್ರ 'ಕ್ವೀನ್ ಆಫ್ ಕಾಟ್ವೆ', 2016, ಮೀರಾ ನಾಯರ್ ಮಾಡಿದ್ದು. ಯುಗಾಂಡಾದ ಕಂಪಾಲಾ, ಕಾಟ್ವೆ ಅನ್ನೂ ಕೊಳಗೇರಿ, ಗೋವಿನಜೋಳ ಮಾರೂ ಹುಡುಗಿ ಚೆಸ್ ಕಲೀತಾಳ. ಫಿಯೋನಾ ಮುಟೇಸಿ ಅನ್ನಾಕಿ ಖರೇನ ಇದ್ದಾಳ. ನಮ್ಮ ಹುಡುಗುರಿಗೆ ಆ ಮನಿ, ಆ ಮಳಿ, ಆ ಫೀ ಕಟ್ಟೂ ತಾಪತ್ರಯ ಬಿಡಿಸಿ ಹೇಳೂದು ಬೇಕಾಗಿಲ್ಲ.

ತುಂಗಾತೀರ
@ಜವಾರಿ_ಮಾತು ಆಯ್ಕೆ ಒಪ್ಪಿದೆ. ಆದರೆ ಅದು ಎರಡು ಗಂಟೆ ದಾಟೋ ಸಿನಿಮಾ. ಪೂರ್ತಿ ತೋರಿಸಿದರೆ ಪಾಠಕ್ಕೆ ಸಮಯ ಎಲ್ಲಿ? ಆರು ದೃಶ್ಯ ತೆಗೆದುಕೊಂಡು ನಡುವಿನ ಕಥೆಯನ್ನು ಟೀಚರೇ ಐದು ಸಾಲಿನ ಸರಳ ಇಂಗ್ಲಿಷ್‌ನಲ್ಲಿ ಹೇಳಲಿ, ಅದೂ ಒಂದು ಲಿಸನಿಂಗ್ ಆಯ್ತು. ಅದರಲ್ಲಿ ಪುಟ್ಟ ಹುಡುಗಿಯೊಬ್ಬಳು ಫಿಯೋನಾಗೆ ಚೆಸ್ ಕಾಯಿಗಳನ್ನು ಪರಿಚಯಿಸೋ ದೃಶ್ಯ ಇದೆ. ಕೈಯಲ್ಲಿ ಕಾಯಿ, ಬಾಯಲ್ಲಿ ಅದರ ನಡೆ. ಹೇಳಿದ್ದು ಕಣ್ಣಿಗೆ ಕಾಣುತ್ತೆ. ಕ್ಲಾಸಿಗೆ ಒಂದು ಚೆಸ್ ಬೋರ್ಡ್ ತಂದಿಟ್ಟರೆ ಮುಗೀತು.

ಅಕ್ಕನ ಜೊತೆ ಬೈಕಿನವನ ಪ್ರಸಂಗ, ತಮ್ಮನ ಅಪಘಾತ ಎರಡನ್ನೂ ಮೊದಲೇ ನೋಡಿಟ್ಟುಕೊಳ್ಳಿ. ಕೆಟ್ಟದ್ದಲ್ಲ, ಆದರೆ ತಯಾರಿಲ್ಲದೆ ಹಾಕೋ ದೃಶ್ಯಗಳೂ ಅಲ್ಲ.

ಕರಾವಳಿ_ಅಕ್ಕ
ಜವಾರಿಯವರೇ, ಬಡತನದ ಕಥೆ ಬಡ ಮಕ್ಕಳಿಗೆ ಹತ್ತಿರ ಆಗ್ತದೆ ಅಂತ ಗಟ್ಟಿ ಹೇಳ್ಲಿಕ್ಕೆ ಬರುದಿಲ್ಲ ಮಾರಾಯ್ರೇ. ಕೆಲವು ಮಕ್ಕಳಿಗೆ ಮುಜುಗರ ಆಗ್ತದೆ. "ನಿಮ್ಮ ಮನೆಯಲ್ಲೂ ಹೀಗೇನಾ" ಅಂತ ಯಾರಾದರೂ ಕೇಳಿದರೆ ಆ ಹುಡುಗಿ ಮತ್ತೆ ಬಾಯಿ ಬಿಡುದಿಲ್ಲ. ಪ್ರಶ್ನೆ ಪಾತ್ರದ ಬಗ್ಗೆ ಇರಲಿ, ಮಗುವಿನ ಮನೆಯ ಬಗ್ಗೆ ಬೇಡ. "ಫಿಯೋನಾ ಏನು ಮಾಡಬೇಕಿತ್ತು" ಸರಿ. "ನೀನಾಗಿದ್ದರೆ" ಅಂತ ಕೇಳುದಾದರೆ ಬರವಣಿಗೆಯಲ್ಲಿ ಕೇಳಿ, ಎದ್ದು ನಿಲ್ಲಿಸಿ ಅಲ್ಲ.

ಎಸ್‌ಆರ್‌ಟಿ_ಫೈಲ್
ವೇಗದ ಬಗ್ಗೆ ಎಲ್ಲರೂ ಕಿವಿ ಅಂದಾಜಿನಲ್ಲಿ ಮಾತಾಡ್ತಿದ್ದೀರಿ. ಅಳೆಯಬಹುದು, ಐದು ನಿಮಿಷದ ಕೆಲಸ.

ಇಂಗ್ಲಿಷ್ ಸಬ್‌ಟೈಟಲ್‌ನ ಎಸ್‌ಆರ್‌ಟಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪ್ರತಿ ಮಾತಿಗೂ ಶುರು ಸಮಯ, ಮುಗಿಯೋ ಸಮಯ ಬರೆದಿರುತ್ತೆ. ಬೇಕಾದ ದೃಶ್ಯದ ಭಾಗ ಮಾತ್ರ ನಕಲು ಮಾಡಿ. ಸಂಖ್ಯೆ, ಸಮಯ, "ಬಾಗಿಲ ಸದ್ದು" ಥರದ ಚೌಕ ಕಂಸದ ಟಿಪ್ಪಣಿ ಎಲ್ಲ ಅಳಿಸಿ. ಉಳಿದ ಪದ ಎಣಿಸಿ, ದೃಶ್ಯದ ನಿಮಿಷದಿಂದ ಭಾಗಿಸಿ. ನಿಮಿಷಕ್ಕೆ 100ರ ಒಳಗಿದ್ದರೆ ಈ ಮಕ್ಕಳಿಗೆ ಆರಾಮ. 130ರವರೆಗೆ ಚಿತ್ರದ ಸಹಾಯ ಇದ್ದರೆ ನಡೆಯುತ್ತೆ. 150 ಅಂದರೆ ಇಂಗ್ಲಿಷ್ ಮನೆಮಾತಿನವರ ಸಾಮಾನ್ಯ ಹರಟೆ ವೇಗ, ಅಲ್ಲಿಗೆ ಹೋಗಬೇಡಿ.

ಸರಾಸರಿಯನ್ನು ಪೂರ್ತಿ ನಂಬಬೇಡಿ. ಅರ್ಧ ದೃಶ್ಯ ಮೌನ, ಕೊನೆಗೆ ಒಬ್ಬ ಹರಿಹಾಯ್ದ ಅಂದರೂ ಸರಾಸರಿ 90 ಅಂತ ತೋರಿಸುತ್ತೆ. ಸಾಲು ಸಾಲಾಗಿ ಕಣ್ಣಾಡಿಸಿ. 2 ಸೆಕೆಂಡಿನ ಸಾಲಿನಲ್ಲಿ 8 ಪದ ಇದ್ದರೆ ಅದು ನಿಮಿಷಕ್ಕೆ 240ರ ವೇಗ. ಅಂಥ ಸಾಲು ಮೂರ್ನಾಲ್ಕಕ್ಕಿಂತ ಹೆಚ್ಚಿದ್ದರೆ ಬೇರೆ ದೃಶ್ಯ ನೋಡಿ.

ಹೊಸ ಪದದ ಲೆಕ್ಕವೂ ಅದೇ ಹಾಳೆಯಲ್ಲಿ ಮಾಡಿ. 200 ಪದದ ದೃಶ್ಯದಲ್ಲಿ ಮಕ್ಕಳಿಗೆ ಗೊತ್ತಿಲ್ಲದ್ದು 10 ಅಂದರೆ ಶೇ 5. ಅದು ಮೇಲಿನ ಮಿತಿ. ಅದರಲ್ಲಿ ನಾಲ್ಕನ್ನು ಮೊದಲೇ ಬೋರ್ಡಿನಲ್ಲಿ ಕಲಿಸಿ, ಉಳಿದದ್ದು ಚಿತ್ರದಿಂದ ಊಹಿಸಲಿ.

ಬ್ಯಾಕ್‌ಬೆಂಚ್
ಸಿನಿಮಾ ನೋಡೋಕೆ ಕ್ಯಾಲ್ಕ್ಯುಲೇಟರ್ ತಗೊಂಡು ಹೋಗೋ ಕಾಲ ಬಂತು ಗುರು.

ಎಸ್‌ಆರ್‌ಟಿ_ಫೈಲ್
@ಬ್ಯಾಕ್‌ಬೆಂಚ್ ಲೆಕ್ಕ ಹಾಕದೆ ಹಾಕಿದರೆ ಹತ್ತನೇ ನಿಮಿಷಕ್ಕೆ ಹಿಂದಿನ ಬೆಂಚಿನವರೇ ಮೊದಲು ಮಾತಿಗೆ ಕೂರೋದು. 2009ರಲ್ಲಿ ವೆಬ್ ಮತ್ತು ರಾಜರ್ಸ್ ಅನ್ನೋರು ಮುನ್ನೂರಕ್ಕೂ ಹೆಚ್ಚು ಸಿನಿಮಾಗಳ ಸಂಭಾಷಣೆ ತೆಗೆದು ನೋಡಿದ್ರು. ಶೇ 95ರಷ್ಟು ಪದ ತಿಳಿಯಬೇಕಾದರೆ ಅತಿ ಬಳಕೆಯ 3000 ಪದಕುಟುಂಬ (ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಗೊತ್ತಿರಬೇಕು, ಜೊತೆಗೆ ಹೆಸರುಗಳು. ಶೇ 98 ಬೇಕೆಂದರೆ 6000. ಕನ್ನಡ ಮಾಧ್ಯಮದ 9ನೇ ತರಗತಿಯಲ್ಲಿ ಎಷ್ಟು ಮಕ್ಕಳ ಹತ್ತಿರ 3000 ಇದೆ ಅಂತ ಇಲ್ಲಿರೋ ಮೇಷ್ಟ್ರುಗಳೇ ಹೇಳಲಿ. ಪೂರ್ತಿ ಸಿನಿಮಾ ಹಾಕಿ ಕೂರಿಸೋದು ಯಾಕೆ ಫಲ ಕೊಡಲ್ಲ ಅನ್ನೋದಕ್ಕೆ ಇದಕ್ಕಿಂತ ಕಾರಣ ಬೇಡ.

ಪೆನ್ನು_ಪುಸ್ತಕ
ಇಷ್ಟೆಲ್ಲ ಯಾಕೆ? ಕನ್ನಡ ಸಬ್‌ಟೈಟಲ್ ಹಾಕಿಬಿಡಿ. ಮಕ್ಕಳಿಗೆ ಅರ್ಥ ಆಗುತ್ತೆ, ಇಂಗ್ಲಿಷ್ ಕಿವಿಗೆ ಬೀಳುತ್ತೆ.

ಗಡಿನಾಡ_ಟೀಚರ್
@ಪೆನ್ನು_ಪುಸ್ತಕ ಬೀಳಲ್ಲ ಸರ್. ಕಣ್ಣಿಗೆ ಕನ್ನಡ ಸಿಕ್ಕಿದ ಕೂಡಲೇ ಕಿವಿ ರಜೆ ತಗೊಳ್ಳುತ್ತೆ. 2009ರಲ್ಲೇ ಮಿಟೆರರ್, ಮೆಕ್ವೀನ್ ಅನ್ನೋರು ಡಚ್ ವಿದ್ಯಾರ್ಥಿಗಳಿಗೆ ಸ್ಕಾಟಿಷ್ ಮತ್ತು ಆಸ್ಟ್ರೇಲಿಯನ್ ಉಚ್ಚಾರದ ಇಂಗ್ಲಿಷ್ ವಿಡಿಯೋ ತೋರಿಸಿ ಪರೀಕ್ಷೆ ಮಾಡಿದ್ದಾರೆ. ಇಂಗ್ಲಿಷ್ ಸಬ್‌ಟೈಟಲ್ ನೋಡಿದವರಿಗೆ ಆ ಉಚ್ಚಾರ ಆಮೇಲೆ ಚೆನ್ನಾಗಿ ತಿಳೀತು. ಡಚ್ ಸಬ್‌ಟೈಟಲ್ ನೋಡಿದವರು ಹೊಸ ಮಾತು ಕೇಳಿದಾಗ ಸಬ್‌ಟೈಟಲ್ಲೇ ಇಲ್ಲದೆ ನೋಡಿದವರಿಗಿಂತ ಹಿಂದೆ ಬಿದ್ದರು.

ನಮ್ಮ ದೇಶದ್ದೇ ಬೇಕಾದರೆ, ಐಐಎಂ ಅಹಮದಾಬಾದಿನ ಬ್ರಿಜ್ ಕೊಠಾರಿಯವರು ಸಿನಿಮಾ ಹಾಡುಗಳಿಗೆ ಅದೇ ಭಾಷೆಯ ಸಬ್‌ಟೈಟಲ್ ಹಾಕಿಸಿದ ಕೆಲಸ ನೋಡಿ. ಅದು ಓದು ಗಟ್ಟಿಯಾಗಲಿ ಅಂತ ಮಾಡಿದ್ದು. ಕೇಳೋದೂ ಓದೋದೂ ಒಂದೇ ಭಾಷೆಯಲ್ಲಿದ್ದಾಗ ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತೆ.

ಪೆನ್ನು_ಪುಸ್ತಕ
ಡಚ್ ಮಕ್ಕಳ ಇಂಗ್ಲಿಷ್ ಎಲ್ಲಿ, ನಮ್ಮ ಮಕ್ಕಳ ಇಂಗ್ಲಿಷ್ ಎಲ್ಲಿ ಮೇಡಂ? ಅಕ್ಷರ ಓದೋಕೇ ತಡವರಿಸೋ ಮಗುವಿಗೆ ಇಂಗ್ಲಿಷ್ ಸಬ್‌ಟೈಟಲ್ ಇನ್ನೊಂದು ಹೊರೆ. ಓದಿ ಮುಗಿಸೋ ಮೊದಲೇ ಸಾಲು ಮಾಯ.

ಗಡಿನಾಡ_ಟೀಚರ್
ಆ ಮಾತು ಸರಿ. ಅದಕ್ಕೇ ಮೊದಲ ಸಲವೇ ಹಾಕಬಾರದು. ಮೊದಲ ಸಲ ಸದ್ದು ಬಂದ್ ಮಾಡಿ, ಬರೀ ಚಿತ್ರ. ಏನಾಯ್ತು ಅಂತ ಕನ್ನಡದಲ್ಲೇ ಹೇಳಲಿ, ಅಡ್ಡಿಯಿಲ್ಲ. ಎರಡನೇ ಸಲ ಸದ್ದು, ಸಬ್‌ಟೈಟಲ್ ಇಲ್ಲ. ಮೂರನೇ ಸಲ ಇಂಗ್ಲಿಷ್ ಸಬ್‌ಟೈಟಲ್ ಜೊತೆ. ಆ ಹೊತ್ತಿಗೆ ಕಥೆ ಗೊತ್ತಿರುತ್ತೆ, ಸಾಲು ಪೂರ್ತಿ ಓದದಿದ್ದರೂ "ಓ ಹೇಳಿದ್ದು ಇದಾ" ಅನ್ನೋದು ಸಿಕ್ಕುತ್ತೆ. ತೀರಾ ತಡವರಿಸೋ ಮಕ್ಕಳಿಗೆ ಸಂಭಾಷಣೆಯನ್ನೇ ಅರ್ಧ ಹಾಳೆಯಲ್ಲಿ ಕೊಡಿ, ಬೆರಳಿಟ್ಟುಕೊಂಡು ಹೋಗಲಿ.

ಒಂದು ಎಚ್ಚರಿಕೆ. ಯೂಟ್ಯೂಬಿನ ತಾನೇ ಹುಟ್ಟಿಸೋ ಕ್ಯಾಪ್ಷನ್ ನಂಬಬೇಡಿ. ಚಿಕ್ಕ ಮಕ್ಕಳ ದನಿ, ಹಿನ್ನೆಲೆ ಸಂಗೀತ, ಆಫ್ರಿಕನ್ ಅಥವಾ ಭಾರತೀಯ ಉಚ್ಚಾರ ಇದ್ದ ಕಡೆ ಏನೇನೋ ಬರೆಯುತ್ತೆ. ಟೀಚರ್ ಒಮ್ಮೆ ಓದದೆ ತೆರೆಗೆ ಹಾಕಿದರೆ ಕೆಟ್ಟ ಪದವೂ ಬರಬಹುದು.

ಎಸ್‌ಆರ್‌ಟಿ_ಫೈಲ್
ಸಬ್‌ಟೈಟಲ್ ಮುಂದೆ ಹಿಂದೆ ಆದರೆ ವಿಎಲ್‌ಸಿ ಪ್ಲೇಯರಿನಲ್ಲಿ ಜಿ ಮತ್ತು ಎಚ್ ಕೀ ಒತ್ತಿ ಸರಿಮಾಡಬಹುದು. ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ತಪ್ಪಿದರೆ ಅದು ಬೇರೆ ಕಾಯಿಲೆ: ವಿಡಿಯೋ ಸೆಕೆಂಡಿಗೆ 23.976 ಫ್ರೇಮು, ಸಬ್‌ಟೈಟಲ್ 25 ಫ್ರೇಮಿನ ಪ್ರತಿಗೆ ಮಾಡಿದ್ದು. ಗಂಟೆಗೆ ಎರಡೂವರೆ ನಿಮಿಷದಷ್ಟು ಜಾರುತ್ತೆ. ಜಿ-ಎಚ್ ಒತ್ತಿ ಪ್ರಯೋಜನ ಇಲ್ಲ. ನಿಮ್ಮ ಪ್ರತಿಗೆ ಹೊಂದೋ ಫೈಲೇ ಹುಡುಕಿ, ಅಥವಾ ಟೂಲ್ಸ್ ಮೆನುವಿನ ಟ್ರ್ಯಾಕ್ ಸಿಂಕ್ರೊನೈಸೇಷನ್‌ನಲ್ಲಿ ಸಬ್‌ಟೈಟಲ್ ವೇಗ ಬದಲಿಸಿ.

ಚೌಕ ಕಂಸದ ಕೀಗಳು ವೇಗ ಸ್ವಲ್ಪ ಸ್ವಲ್ಪ ಇಳಿಸಿ ಏರಿಸುತ್ತವೆ. 0.9ರವರೆಗೆ ಇಳಿಸಿದರೆ ಯಾರಿಗೂ ಗೊತ್ತಾಗಲ್ಲ. 0.75ಕ್ಕೆ ಹೋದರೆ ಕುಡಿದವನ ಮಾತಿನ ಹಾಗೆ ಕೇಳುತ್ತೆ, ಕ್ಲಾಸು ನಗುತ್ತೆ, ಮುಗೀತು.

ಕರಾವಳಿ_ಅಕ್ಕ
ಮಾತೇ ಇಲ್ಲದ ಕಿರುಚಿತ್ರ ಯಾರೂ ಹೇಳ್ಲಿಲ್ಲ! 'ಪೈಪರ್' (2016) ಆರೇ ನಿಮಿಷ, ಸಮುದ್ರ ತೀರದ ಮರಿಹಕ್ಕಿ, ಒಂದು ಮಾತೂ ಇಲ್ಲ. 'ಅಪ್' (2009) ಚಿತ್ರದ ಶುರುವಿನಲ್ಲಿ ಗಂಡ ಹೆಂಡತಿಯ ಇಡೀ ಜೀವನ ನಾಲ್ಕು ನಿಮಿಷದಲ್ಲಿ ಬರ್ತದೆ, ಅದೂ ಮಾತಿಲ್ಲದೆ. ಭೂತಕಾಲದ ವಾಕ್ಯ ಬರೆಸ್ಲಿಕ್ಕೆ ಹೇಳಿ ಮಾಡಿಸಿದ ಹಾಗೆ. ಭಾಷೆ ಬಾರದ ಮಗುವೂ ಪೂರ್ತಿ ಅರ್ಥ ಮಾಡಿಕೊಳ್ತದೆ.

ಬ್ಯಾಕ್‌ಬೆಂಚ್
9ನೇ ಕ್ಲಾಸ್ ಹುಡುಗರಿಗೆ ಹಕ್ಕಿಮರಿ ಕಾರ್ಟೂನ್ ಹಾಕಿದ್ರೆ "ಸಾರ್ ನಾವೇನು ಎಲ್‌ಕೆಜಿನಾ" ಅಂತಾರೆ ಅಕ್ಕ.

ಕರಾವಳಿ_ಅಕ್ಕ
ಅಂತಾರೆ. ಮೊದಲ ಅರ್ಧ ನಿಮಿಷ ಮಾತ್ರ. ಕೊಡುವ ಕೆಲಸ ದೊಡ್ಡವರದ್ದಾಗಿದ್ದರೆ ಚಿತ್ರ ಚಿಕ್ಕವರದ್ದಾದರೂ ಅಡ್ಡಿ ಇಲ್ಲ. "ಹಕ್ಕಿ ಏನು ಮಾಡಿತು" ಅಂತ ಕೇಳಿದರೆ ಎಲ್‌ಕೆಜಿ. "ತಾಯಿ ಊಟ ತಂದು ಬಾಯಿಗೆ ಇಡಲಿಲ್ಲ ಯಾಕೆ, ಸರಿಯಾ ತಪ್ಪಾ" ಅಂತ ಎರಡು ಗುಂಪು ಮಾಡಿ ಜಗಳಕ್ಕೆ ಬಿಟ್ಟರೆ ಅದು 15ರ ವಯಸ್ಸಿನದ್ದೇ ವಿಷಯ.

ತುಂಗಾತೀರ
ಮಾತಿಲ್ಲದ ಚಿತ್ರದಿಂದ ಬರವಣಿಗೆ ಬರುತ್ತೆ, ಮಾತು ಬರುತ್ತೆ, ಆದರೆ ಕೇಳೋದು ಬರಲ್ಲ. ಅದೊಂದನ್ನೇ ನೆಚ್ಚಿಕೊಂಡರೆ ಕಿವಿ ಅಲ್ಲೇ ನಿಲ್ಲುತ್ತೆ. ಇನ್ನೊಂದು ದಾರಿ ಮೂಕಿ ಚಿತ್ರ. ಚಾಪ್ಲಿನ್‌ರ 'ದ ಕಿಡ್' (1921) ಥರದ್ದರಲ್ಲಿ ನಡುನಡುವೆ ಇಂಗ್ಲಿಷ್ ಬರಹದ ಫಲಕ ಬರುತ್ತೆ, ಹೆಚ್ಚಿನವು ಒಂದೆರಡು ಸಾಲು. ಓದೋಕೆ ಸಾಕಷ್ಟು ಹೊತ್ತು ನಿಲ್ಲುತ್ತೆ. ಫಲಕ ಬರೋ ಮೊದಲು ನಿಲ್ಲಿಸಿ "ಈಗ ಏನು ಬರೆದಿರುತ್ತೆ" ಅಂತ ಮಕ್ಕಳಿಂದ ಬರೆಸಿ, ಆಮೇಲೆ ತೋರಿಸಿ. ಬಡವ, ಅನಾಥ ಹುಡುಗ, ಬೆನ್ನಟ್ಟೋ ಪೊಲೀಸ್. ಬೋರ್ ಅನ್ನೋ ಪ್ರಶ್ನೆಯೇ ಬರಲ್ಲ.

ಗಡಿನಾಡ_ಟೀಚರ್
ಎಲ್ಲ ಹೊರಗಿನದ್ದೇ ಆಯ್ತಲ್ಲ. 'ಇಂಗ್ಲಿಷ್ ವಿಂಗ್ಲಿಷ್' (2012) ಹಿಂದಿ ಸಿನಿಮಾ ಹೌದು, ಆದರೆ ನ್ಯೂಯಾರ್ಕಿನ ಕಾಫಿ ಅಂಗಡಿಯ ದೃಶ್ಯ ಇಂಗ್ಲಿಷ್‌ನಲ್ಲೇ ಇದೆ. ಶ್ರೀದೇವಿಯವರ ಪಾತ್ರ ಆರ್ಡರ್ ಕೊಡೋಕೆ ತಡವರಿಸುತ್ತೆ, ಕೌಂಟರಿನವಳು ಸಿಡುಕಿ ಒಂದರ ಮೇಲೊಂದು ಪ್ರಶ್ನೆ ಎಸೆಯುತ್ತಾಳೆ. ಇಂಗ್ಲಿಷ್ ಬಾರದ್ದಕ್ಕೆ ಅವಮಾನ ಅಂದರೆ ಏನು ಅಂತ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾ? ಮುಖ ನೋಡಿದರೆ ಸಾಕು. ಆಮೇಲೆ ಅದೇ ದೃಶ್ಯವನ್ನು ಜೋಡಿ ಜೋಡಿಯಾಗಿ ಮಾಡಿಸಿ: ಒಂದು ಸಲ ಸಿಡುಕಿನ ಕೌಂಟರು, ಇನ್ನೊಂದು ಸಲ ಒಳ್ಳೆಯ ಕೌಂಟರು. ಕೊನೆಯಲ್ಲಿ ಮದುವೆ ಮನೆಯ ಭಾಷಣ ಬರುತ್ತೆ. ನಿಧಾನ, ನಡುವೆ ಬಿಡುವು, ಚಿಕ್ಕ ವಾಕ್ಯ. ವೇದಿಕೆ ಮೇಲೆ ಮಾತಾಡೋಕೆ ಮಾದರಿಯಾಗಿ ಅದನ್ನೇ ಕೊಡಬಹುದು.

ಇನ್ನು ನಮ್ಮ ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್'. ಆಗುಂಬೆಯಲ್ಲಿ ತೆಗೆದದ್ದು, ಮೊದಲ ಕಂತುಗಳು ಇಂಗ್ಲಿಷ್‌ನಲ್ಲೂ ತಯಾರಾಗಿದ್ದವು. ಹಿಂದಿ ಪ್ರತಿಯೇ ಎಲ್ಲ ಕಡೆ ಸಿಗೋದು, ಇಂಗ್ಲಿಷ್ ಪ್ರತಿ ಅಂತ ಖಚಿತ ಮಾಡಿಕೊಂಡೇ ಇಳಿಸಿಕೊಳ್ಳಿ. ಉಚ್ಚಾರ ನಮ್ಮದು, ಶಾಲೆ ನಮ್ಮದು, ಬೆತ್ತ ಹಿಡಿದ ಮೇಷ್ಟ್ರೂ ನಮ್ಮವರೇ.

ಜವಾರಿ_ಮಾತು
ಮಾಲ್ಗುಡಿಯ ಹುಡುಗ ಸ್ವಾಮಿ ಭಾಳ ಸಣ್ಣಾವ್ರಿ, 8ನೇತ್ತೆದವ್ರಿಗೆ ನಡೀತೈತಿ, 10ನೇತ್ತೆದವ್ರಿಗೆ ಅಷ್ಟಕ್ಕಷ್ಟ. ಕಾಫಿ ಅಂಗಡಿ ಮಾತ್ರ ಬೆಸ್ಟ್ ಐತಿ.

ಪೆನ್ನು_ಪುಸ್ತಕ
ಬರೀ ಭಾರತೀಯ ಉಚ್ಚಾರ ಕೇಳಿಸಿದರೆ ಹೊರಗಿನವರ ಇಂಗ್ಲಿಷ್ ಯಾವಾಗ ತಿಳಿಯೋದು?

ಗಡಿನಾಡ_ಟೀಚರ್
ಮೊದಲು ಭಾರತೀಯ, ಆಮೇಲೆ ಯುಗಾಂಡಾ, ಆಮೇಲೆ ಅಮೆರಿಕ ಬ್ರಿಟನ್. ಕಾರಣ ಇದೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚು ಕಡಿಮೆ ಅದರದರ ಪಾಲು ಸಿಗುತ್ತೆ. ಭಾರತದ, ಆಫ್ರಿಕಾದ ಇಂಗ್ಲಿಷೂ ಬಹುಮಟ್ಟಿಗೆ ಹಾಗೇ. ಅಮೆರಿಕನ್ನರು ಒತ್ತಿಲ್ಲದ ಪದ ನುಂಗ್ತಾರೆ. "ವಾಟ್ ಆರ್ ಯೂ ಗೋಯಿಂಗ್ ಟು ಡೂ" ಅನ್ನೋದು "ವಾಚಾ ಗನ ಡೂ" ಆಗುತ್ತೆ. ಮಗುವಿಗೆ ಆರು ಪದವೂ ಗೊತ್ತು, ಕಿವಿಗೆ ಒಂದೂ ಸಿಗಲ್ಲ. ಪದ ಗೊತ್ತಿಲ್ಲ ಅಂತ ಟೀಚರ್ ಮತ್ತೆ ಪದಪಟ್ಟಿ ಕೊಡ್ತಾರೆ, ತಪ್ಪು ಕಾಯಿಲೆಗೆ ಮದ್ದು.

ಇನ್ನೂ ಅಪಾಯದ್ದು "ಕ್ಯಾನ್", "ಕಾಂಟ್". ಅಮೆರಿಕನ್ ಮಾತಿನಲ್ಲಿ ಮೊದಲನೆಯದು "ಕ್ನ್" ಅಂತ ಸಣ್ಣಗಾಗುತ್ತೆ, ಎರಡನೆಯದು "ಕ್ಯಾಂಟ್" ಅಂತ ದೊಡ್ಡದಾಗಿ ಬಂದು ಕೊನೆಯ "ಟ್" ಕೇಳಲ್ಲ. ಮಕ್ಕಳು "ಕ್ಯಾನ್" ಅಂತ ಸ್ಪಷ್ಟವಾಗಿ ಕೇಳಿಸಿದ್ದನ್ನೆಲ್ಲ ಆಗುತ್ತೆ ಅಂತ ಬರೆದುಕೊಳ್ತಾರೆ, ಅರ್ಥ ತಿರುಗುಮುರುಗು. ಅಂಥ ಐದು ಸೆಕೆಂಡನ್ನು ವಿಎಲ್‌ಸಿಯ ಎ-ಬಿ ಲೂಪಿನಲ್ಲಿ ಹಾಕಿ ನಾಲ್ಕು ಸಲ ಕೇಳಿಸಿ. ವ್ಯೂ ಮೆನುವಿನಲ್ಲಿ ಅಡ್ವಾನ್ಸ್ಡ್ ಕಂಟ್ರೋಲ್ಸ್ ಆನ್ ಮಾಡಿದರೆ ಆ ಬಟನ್ ಕಾಣುತ್ತೆ.

ಸ್ಪೀಕರ್_ಸೀನ
ಎಲ್ಲ ಸರಿ, ಕೇಳಿಸಬೇಕಲ್ಲ! ಪ್ರೊಜೆಕ್ಟರ್ ಒಳಗಿನ ಸ್ಪೀಕರಿನಲ್ಲಿ 46 ಮಕ್ಕಳ ಕ್ಲಾಸಿಗೆ ಇಂಗ್ಲಿಷ್ ಸಿನಿಮಾ ಆಗಲ್ಲ. ಹಾಡು ಕೇಳುತ್ತೆ, ಮಾತಿನ ಕೊನೆಯ ವ್ಯಂಜನ ಕೇಳಲ್ಲ. ಹೊರಗಿನ ಸ್ಪೀಕರ್ ಇಡಿ, ತೆರೆಯ ಪಕ್ಕದಲ್ಲೇ, ಕೂತ ಮಕ್ಕಳ ತಲೆಗಿಂತ ಸ್ವಲ್ಪ ಮೇಲೆ. ಹಿಂದೆ ಇಟ್ಟರೆ ಬಾಯಿ ಮುಂದೆ, ದನಿ ಹಿಂದೆ. ಬ್ಲೂಟೂತ್ ಬೇಡ, ದನಿ ತಡವಾಗಿ ಬಂದು ತುಟಿಗೆ ಹೊಂದಲ್ಲ, 3.5 ಎಂಎಂ ವೈರೇ ಸಾಕು. ಖಾಲಿ ಕಾಂಕ್ರೀಟ್ ರೂಮಿನಲ್ಲಿ ಟೆಸ್ಟ್ ಮಾಡಿದ್ದನ್ನು ನಂಬಬೇಡಿ, ಮಕ್ಕಳು ಕೂತಾಗ ಪ್ರತಿಧ್ವನಿ ಕಡಿಮೆಯಾಗುತ್ತೆ, ಗಲಾಟೆ ಜಾಸ್ತಿಯಾಗುತ್ತೆ. ಸದ್ದು ಏರಿಸೋ ಬದಲು ಆಂಪ್ಲಿಫಯರಿನಲ್ಲಿ ಬಾಸ್ ಇಳಿಸಿ ಟ್ರೆಬಲ್ ಏರಿಸಿ, ಮಾತು ಬಿಡಿಬಿಡಿಯಾಗುತ್ತೆ. ಫ್ಯಾನ್ ಆಫ್.

ಬ್ಯಾಕ್‌ಬೆಂಚ್
ಏಪ್ರಿಲ್‌ನಲ್ಲಿ ರಾಯಚೂರಿನಲ್ಲಿ ಫ್ಯಾನ್ ಆಫ್ ಮಾಡಿ ನೋಡಿ ಸೀನಣ್ಣ.

ಸ್ಪೀಕರ್_ಸೀನ
ಏಪ್ರಿಲ್‌ನಲ್ಲಿ ಸ್ಕೂಲು ಎಲ್ಲಿರುತ್ತೆ ತಮ್ಮ. ಮೂರು ನಿಮಿಷ ತಾನೇ, ಆಮೇಲೆ ಹಾಕಿ.

ಪೆನ್ನು_ಪುಸ್ತಕ
ಕಾಪಿರೈಟ್? ಸ್ಕೂಲಲ್ಲಿ ಏನು ತೋರಿಸಿದರೂ ನಡೆಯುತ್ತೆ ಅಂತಾರೆ, ನಿಜವಾ?

ತುಂಗಾತೀರ
ಏನು ತೋರಿಸಿದರೂ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52(1)(ಜೆ) ಪ್ರಕಾರ ಶಿಕ್ಷಣ ಸಂಸ್ಥೆ ತನ್ನ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸಬಹುದು, ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಊರಿನವರನ್ನೆಲ್ಲ ಕರೆದು ವಾರ್ಷಿಕೋತ್ಸವದಲ್ಲಿ ಹಾಕಿದರೆ ಆ ರಕ್ಷಣೆ ಇಲ್ಲ. ಕದ್ದ ಪ್ರತಿ ಈ ಸೆಕ್ಷನ್ನಿಂದ ಶುದ್ಧ ಆಗಲ್ಲ. ಓಟಿಟಿ ಖಾತೆಯ ಷರತ್ತು ಬೇರೆಯೇ ವಿಷಯ, ಹೆಚ್ಚಿನವು ಮನೆ ಬಳಕೆಗೆ ಅಂತಲೇ ಇರುತ್ತವೆ. ಡಿವಿಡಿ ಸಿಕ್ಕರೆ ತಲೆನೋವು ಕಡಿಮೆ.

ಸೆನ್ಸಾರ್ ಸರ್ಟಿಫಿಕೇಟ್ ಬಗ್ಗೆಯೂ ಹೇಳಿಬಿಡ್ತೀನಿ. 2023ರ ತಿದ್ದುಪಡಿಯಿಂದ ನಮ್ಮಲ್ಲಿ ಯುಎ (ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ್ದು) ಅನ್ನೋದು 7+, 13+, 16+ ಅಂತ ಮೂರಾಗಿದೆ. ಹಳೆಯ ಸಿನಿಮಾಗಳಿಗೆ ಬರೀ ಯುಎ ಅಂತ ಇರುತ್ತೆ, ಅದರಿಂದ ಏನೂ ತಿಳಿಯಲ್ಲ. ಅಮೆರಿಕದ ಪಿಜಿ-13 ಅನ್ನು ನಮ್ಮ 13+ ಅಂತ ಓದಬೇಡಿ, ಅಲ್ಲಿ ಬೈಗುಳ, ಚುಂಬನಕ್ಕೆ ಬೇರೆ ಅಳತೆ. 'ಬೆಂಡ್ ಇಟ್ ಲೈಕ್ ಬೆಕಮ್' (2002) ಪಿಜಿ-13. ಮಗಳು ಫುಟ್‌ಬಾಲ್ ಆಡೋದು ಬೇಡ ಅನ್ನೋ ತಂದೆ ತಾಯಿಯ ದೃಶ್ಯಗಳು ಹದಿಹರೆಯಕ್ಕೆ ಚಿನ್ನ, ಪೂರ್ತಿ ಸಿನಿಮಾ ಮಾತ್ರ ಹೈಸ್ಕೂಲಿಗೆ ಬೇಡ.

ಆರಿಸಿದ ದೃಶ್ಯದ ಹಿಂದಿನ 30 ಸೆಕೆಂಡು, ಮುಂದಿನ 30 ಸೆಕೆಂಡನ್ನೂ ನೋಡಿ. ಎಡವಟ್ಟಾಗೋದು ಅಲ್ಲೇ. ತೆರೆ ಮೇಲೆ ಓಡಿಸ್ತಾ ಹುಡುಕೋಕೆ ಹೋಗಿ ಬೇಡದ್ದು ಬಂದುಬಿಡುತ್ತೆ. ತುಣುಕನ್ನು ಮೊದಲೇ ಬೇರೆ ಫೈಲ್ ಮಾಡಿಟ್ಟುಕೊಳ್ಳಿ.

ಎಸ್‌ಆರ್‌ಟಿ_ಫೈಲ್
ಮತ್ತೆ ಎನ್‌ಕೋಡ್ ಮಾಡದೆ ಕತ್ತರಿಸೋ ಸಾಫ್ಟ್‌ವೇರ್‌ಗಳು ಕೀಫ್ರೇಮ್ (ವಿಡಿಯೋದಲ್ಲಿ ಆಗಾಗ ಬರೋ ಪೂರ್ತಿ ಚಿತ್ರದ ಫ್ರೇಮು) ಇದ್ದ ಕಡೆ ಮಾತ್ರ ಕತ್ತರಿಸೋದು. ನೀವು ಹೇಳಿದ್ದಕ್ಕಿಂತ ಕೆಲವು ಸೆಕೆಂಡ್ ಮೊದಲೇ ಶುರುವಾಗಬಹುದು. ಕತ್ತರಿಸಿದ ಮೇಲೆ ಒಮ್ಮೆ ನೋಡಿ.

ರೀಲು_ಬಿಡೋನು
ಇಂಗ್ಲಿಷ್ ಸಿನಿಮಾಗಳೇ ಈಗ ಕನ್ನಡಕ್ಕೆ ಡಬ್ ಆಗ್ತಿವೆಯಲ್ಲ, 2022ರಲ್ಲಿ 'ಅವತಾರ್' ಎರಡನೇ ಭಾಗ ಥಿಯೇಟರಿನಲ್ಲೇ ಕನ್ನಡದಲ್ಲಿ ಬಂತು. ಮೊದಲು ಕನ್ನಡದಲ್ಲಿ ತೋರಿಸಿ ಆಮೇಲೆ ಇಂಗ್ಲಿಷ್ ಹಾಕಿದ್ರೆ?

ಪೆನ್ನು_ಪುಸ್ತಕ
ಡಬ್ಬಿಂಗ್ ವಿಷಯ ಎತ್ತಬೇಡಿ, ಇನ್ನೂರು ಕಮೆಂಟ್ ಬೀಳುತ್ತೆ.

ಜವಾರಿ_ಮಾತು
ಬೀಳ್ಲಿ ಬಿಡ್ರಿ, ಕನ್ನಡದಾಗ ನೋಡೂದು ಮಕ್ಕಳ ಹಕ್ಕು. ಆದ್ರ ಪಾಠಕ್ಕ ಉಲ್ಟಾ ಮಾಡ್ರಿ. ಹುಡುಗುರಿಗೆ ಬಾಯಿಪಾಠ ಇರೂ ಕನ್ನಡ ಕಾಮಿಡಿ ದೃಶ್ಯ, ಒಂದ ನಿಮಿಷ, ಸದ್ದು ಬಂದ್. ನಾಕ್ ನಾಕ್ ಮಂದಿ ಗುಂಪು, ಎಂಟು ಸಾಲು ಇಂಗ್ಲಿಷ್ ಡೈಲಾಗ್ ಅವರೇ ಬರ್ದು, ತೆರೆ ನೋಡಿಕೋತ ಲೈವ್ ಡಬ್ ಮಾಡ್ಬೇಕು. ಬಾಯಿ ಮುಚ್ಚೂ ಹೊತ್ತಿಗೆ ಮಾತು ಮುಗೀಬೇಕಲ್ಲ, ಉದ್ದ ವಾಕ್ಯ ತಾವೇ ಮುರೀತಾರ. ಹಿಂದಿನ ಬೆಂಚಿನವ್ರು ಎದ್ದು ಮುಂದ ಬರ್ತಾರ.

ಬ್ಯಾಕ್‌ಬೆಂಚ್
ಇದಕ್ಕೆ ನನ್ನ ವೋಟು.

ಚಾಕ್‌ಪೀಸ್
ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ ಕಾಫಿ ಅಂಗಡಿ, ಹೋಮ್ ಅಲೋನ್ ಕೌಂಟರ್, ಆಮೇಲೆ ಕಾಟ್ವೆ ಆರು ವಾರ ಅಂದುಕೊಂಡಿದ್ದೇನೆ. 'ಅಕೀಲಾ ಅಂಡ್ ದ ಬೀ' (2006) ಸೇರಿಸಲಾ? ಸ್ಪೆಲಿಂಗ್ ಸ್ಪರ್ಧೆ, ಇಂಗ್ಲಿಷಿಗೆ ಹೊಂದುತ್ತಲ್ಲ. ಮತ್ತೆ 40 ನಿಮಿಷ ಹಂಚೋದು ಹೇಗೆ?

ಗಡಿನಾಡ_ಟೀಚರ್
ಅಕೀಲಾ ಚೆಂದದ ಸಿನಿಮಾ, ಆದರೆ ಸ್ಪರ್ಧೆಯ ದೃಶ್ಯ ಬೇಡ. ಅಲ್ಲಿ ಬರೋ ಪದಗಳು ಗ್ರೀಕ್ ಲ್ಯಾಟಿನ್ ಮೂಲದ ಅಪರೂಪದವು, 9ನೇ ತರಗತಿಗೆ ಒಂದೂ ಕೆಲಸಕ್ಕೆ ಬರಲ್ಲ. ಮಕ್ಕಳು ಅದನ್ನೇ ಬರೆದುಕೊಳ್ಳೋಕೆ ಕೂತು ಕಥೆ ಬಿಡ್ತಾರೆ. ತಾಯಿ ಮಗಳ ಜಗಳ ತೆಗೆದುಕೊಳ್ಳಿ. ಇನ್ನೊಂದು ಬೇಕಾದರೆ 2010ರ 'ಕರಾಟೆ ಕಿಡ್'ನಲ್ಲಿ ಜಾಕಿ ಚಾನ್ ಹುಡುಗನಿಂದ ಜಾಕೆಟ್ ಹಾಕಿಸಿ, ತೆಗೆಸಿ, ನೇತುಹಾಕಿಸಿ ಸುಸ್ತು ಮಾಡೋ ದೃಶ್ಯ. "ಪುಟ್ ಆನ್", "ಟೇಕ್ ಆಫ್", "ಪಿಕ್ ಅಪ್", "ಹ್ಯಾಂಗ್ ಅಪ್" ಎಲ್ಲ ಕಣ್ಣೆದುರೇ ನಡೆಯುತ್ತೆ. ಮಾತೂ ನಿಧಾನ. ರೀಲು ಸಾರ್ ಕೇಳಿದ ಫೈಟೂ ಸಿಕ್ಕಿತು.

ರೀಲು_ಬಿಡೋನು
ನಾನು ಮೊದಲೇ ಹೇಳ್ಲಿಲ್ವಾ 😄

ತುಂಗಾತೀರ
ಸಮಯ: ಹಾಜರಿ, ಕೂರೋದು 5. ನಾಲ್ಕು ಪದ, ಒಂದು ನಿಲ್ಲಿಸಿದ ಚಿತ್ರ ತೋರಿಸಿ ಊಹೆ 4. ಸದ್ದಿಲ್ಲದೆ 3, ಅದರ ಮಾತು 5. ಸದ್ದಿನ ಜೊತೆ 3, ಮೂರೇ ಪ್ರಶ್ನೆ 5. ಸಬ್‌ಟೈಟಲ್ ಜೊತೆ 3. ಜೋಡಿಯಲ್ಲಿ ಅಭಿನಯ 8. ಕೊನೆಗೆ ನಾಲ್ಕು ನಿಮಿಷ ಉಳಿಯುತ್ತೆ, ಉಳಿಯಲ್ಲ ಅಂತಲೂ ಗೊತ್ತು. ಕೇಬಲ್ಲು ಹಿಂದಿನ ಪೀರಿಯಡ್ ಮುಗಿಯೋ ಮೊದಲೇ ಚುಚ್ಚಿರಬೇಕು. ಕರೆಂಟ್ ಹೋದರೆ ಅಂತ ಸಂಭಾಷಣೆಯ ಪ್ರಿಂಟ್ ಕೈಯಲ್ಲಿರಲಿ, ಅಭಿನಯದಿಂದಲೇ ಶುರು ಮಾಡಬಹುದು.

ಬಿಟ್ಟ ಸ್ಥಳ ಕೊಡೋದಾದರೆ ಎರಡೂವರೆ ನಿಮಿಷಕ್ಕೆ ಎಂಟು ಸಾಕು, ಒಂದಕ್ಕೂ ಇನ್ನೊಂದಕ್ಕೂ ಕನಿಷ್ಠ 10 ಸೆಕೆಂಡ್ ಅಂತರ. ಹದಿನೈದು ಕೊಟ್ಟರೆ ಬರೀತಾ ಬರೀತಾ ಮುಂದಿನದ್ದು ಹೋಗುತ್ತೆ, ಆಮೇಲೆ ಪಕ್ಕದವನದ್ದು ನೋಡೋದೇ ಕೆಲಸ.

ಕರಾವಳಿ_ಅಕ್ಕ
ಜೋಡಿಗೆ ಒಂದು ಹಾಳೆ ಕೊಡಿ ಚಾಕ್‌ಪೀಸಿನವರೇ. 23 ಜೋಡಿ, ಎ4ನಲ್ಲಿ ಎರಡು ಪ್ರಿಂಟು, 12 ಹಾಳೆಯಲ್ಲಿ ಮುಗೀತದೆ. ಜೆರಾಕ್ಸ್ ದುಡ್ಡು ಕೈಯಿಂದ ಹೋಗುವುದು ನಮಗೆಲ್ಲ ಗೊತ್ತುಂಟು. ಮತ್ತೆ ಒಂದೇ ಹಾಳೆ ಇದ್ದರೆ ಇಬ್ಬರೂ ಮಾತಾಡ್ಲೇಬೇಕು.

ಸ್ಪೀಕರ್_ಸೀನ
ಅಭಿನಯಕ್ಕೆ 8 ನಿಮಿಷ, 23 ಜೋಡಿ ಒಟ್ಟಿಗೆ ಕೂಗಿದರೆ ಪಕ್ಕದ ಕ್ಲಾಸಿನ ಗಣಿತದ ಮೇಷ್ಟ್ರು ಬರ್ತಾರೆ. ಅವರಿಗೆ ಮೊದಲೇ ಹೇಳಿಟ್ಟಿರಿ.